ಪ್ಯಾರಿಸಿನಲ್ಲಿ ಘಳಿಗೆ ಮುರಿದದ್ದು

ಖರೇ ಹೇಳ್ರಿ, ನಿಮ್ಮ ಕಪಾಟಿನ ಮೇಲಿನ ಖಾನೆಯಲ್ಲಿ ಇನ್ನೂ ಒಮ್ಮೆಯೂ ಉಡದ ಸೀರೆ ಎಷ್ಟಿವೆ? ನಾನು ಯಾರಿಗೂ ಹೇಳುವುದಿಲ್ಲ. "ನನಗೆ ಬಟ್ಟೆಯ ಆಸೆಯೇ ಇಲ್ಲ" ಎನ್ನುವವರ ಕಪಾಟುಗಳನ್ನು ಬಹಳ ನೋಡಿದ್ದೇನೆ. ಬಾಗಿಲು ತೆಗೆದರೆ ಸೀರೆಗಳು ಮೈಮೇಲೆ ಬೀಳುತ್ತವೆ. ನಾನಂತೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಬಟ್ಟೆಯ ಆಸೆ ಬಹಳ. ದೇವರು ಎದುರಿಗೆ ಬಂದು ನಿಂತರೆ ಮೊದಲು ಅವನ ಪೀತಾಂಬರದ ಅಂಚು ಹಿಡಿದು ನೋಡಿ, ಆಮೇಲೆ ಕಾಲು ಹಿಡಿಯುವವಳು ನಾನು.

ಇದನ್ನೆಲ್ಲ ಮೊಬೈಲಿನಲ್ಲಿ ಒತ್ತುತ್ತಿದ್ದೇನೆ. ಮೊಮ್ಮಗಳು ವಿದ್ಯಾ ತಾನು ಬಳಸಿ ಬಿಟ್ಟ ಫೋನು ಕೊಟ್ಟು, ಕನ್ನಡದ ಅಕ್ಷರಗಳು ಯಾವ ಯಾವ ಗುಂಡಿಯ ಹೊಟ್ಟೆಯಲ್ಲಿ ಅಡಗಿವೆ ಎಂದು ತೋರಿಸಿದಳು. ಒತ್ತಕ್ಷರ ಬಂದರೆ ನನ್ನ ಹೆಬ್ಬೆರಳಿಗೆ ಜ್ವರ ಬರುತ್ತದೆ. ಮೊನ್ನೆ ಒಂದು 'ಕ್ಷ' ಹುಟ್ಟಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲೆಲ್ಲ ಉಕ್ಕಿ ಹೋಗಿ ಸೊಸೆಯಿಂದ ಬೈಸಿಕೊಂಡೆ. ಹಾಗಾಗಿ ವಿಮಾನ ಎಷ್ಟಕ್ಕೆ ಬಿಟ್ಟಿತು, ಟಿಕೀಟಿಗೆ ಎಷ್ಟು ಬಿತ್ತು ಎಂದು ನನ್ನನ್ನು ಕೇಳಬೇಡಿ. ಅಷ್ಟೆಲ್ಲ ಒತ್ತಲಾರೆ. ಮುಖ್ಯವಾದದ್ದನ್ನು ಮಾತ್ರ ಹೇಳುತ್ತೇನೆ. ಮುಖ್ಯವಾದದ್ದೆಂದರೆ ಬಟ್ಟೆ.

ಗಜೇಂದ್ರಗಡ

ನಾನು ಹುಟ್ಟಿದ್ದು ಯಾವಗಲ್ ಎಂಬ ಊರಿನಲ್ಲಿ. ಕೊಟ್ಟದ್ದು ಗಜೇಂದ್ರಗಡದ ಗುಡ್ಡದ ಬುಡದಲ್ಲಿರುವ ಮಗ್ಗದ ಮನೆಗೆ. ನಮ್ಮ ಮನೆಯ ಮಕ್ಕಳು ಮಗ್ಗದ ಸದ್ದಿಗೆ ಮಲಗುತ್ತಿದ್ದವು, ಮಗ್ಗ ನಿಂತರೆ ಎದ್ದು ಅಳುತ್ತಿದ್ದವು. ನಾವು ನೇಯುವುದು ಪಟ್ಟೇದಂಚಿನ ಸೀರೆ. ಅದಕ್ಕೆ ಒಳಮೈ ಹೊರಮೈ ಎಂಬುದಿಲ್ಲ, ಯಾವ ಕಡೆಯಿಂದ ಉಟ್ಟರೂ ಒಂದೇ. ಮುಂಜಾನೆ ಎದ್ದ ಕೂಡಲೇ ಕತ್ತಲಲ್ಲಿ ಉಡುವ ಹೆಂಗಸರಿಗಾಗಿಯೇ ಯಾರೋ ಪುಣ್ಯಾತ್ಮರು ಹುಡುಕಿದ್ದಿರಬೇಕು.

ಸೀರೆಗಳ ನಡುವೆಯೇ ಬದುಕಿದವಳಿಗೆ ಬೇರೆ ಬಟ್ಟೆಯ ಆಸೆ ಏಕೆ ಬಂತು ಎನ್ನುತ್ತೀರಿ. ಮಿಠಾಯಿ ಅಂಗಡಿಯವನ ಹೆಂಡತಿ ಖಾರ ತಿನ್ನುವುದಿಲ್ಲವೇ? ಬಹಳ ವರ್ಷದ ಹಿಂದೆ ಹಲ್ಲು ಕೀಳಿಸಲು ಗದಗಿನ ದವಾಖಾನೆಗೆ ಹೋಗಿದ್ದಾಗ ಅಲ್ಲಿಯ ಮೇಜಿನ ಮೇಲೆ ಪರದೇಶದ್ದೊಂದು ಹಳೆಯ ಪುಸ್ತಕ ಬಿದ್ದಿತ್ತು. ಅದರಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಹರಿದಾಡುವಷ್ಟು ಉದ್ದದ ಗೌನು ತೊಟ್ಟು, ಮೊಳಕೈ ತನಕ ಕೈಗವಸು ಏರಿಸಿಕೊಂಡು, ಲೋಕವೆಲ್ಲ ತನ್ನ ಕೆಲಸದವರು ಎಂಬಂತೆ ನಿಂತಿದ್ದಳು. ಡಾಕ್ಟರು ಹಲ್ಲು ಕಿತ್ತದ್ದು ನನಗೆ ಗೊತ್ತಾಗಲಿಲ್ಲ. ಸಾಯುವುದರೊಳಗೆ ಅಂಥದ್ದೊಂದನ್ನು ಮೈಮೇಲೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯಬೇಕು ಎಂದು ಆ ಕುರ್ಚಿಯಲ್ಲಿಯೇ ನಿಶ್ಚಯಿಸಿದೆ.

ಈ ಮಾತು ಗೊತ್ತಿದ್ದದ್ದು ಮಾಬೂಬಿಗೆ ಒಬ್ಬಳಿಗೆ. ಮಾಬೂಬಿಯ ತವರು ರೋಣ. ನಮ್ಮೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಬಳೆ ಅಂಗಡಿ ಇದೆ. ನಾವಿಬ್ಬರೂ ಒಂದೇ ವರ್ಷ ಮದುವೆಯಾಗಿ ಈ ಊರಿಗೆ ಬಂದವರು. ಅಂದಿನಿಂದ ನನ್ನ ಸೀರೆಗಳ ಘಳಿಗೆ ಮುರಿಯುವವಳು ಅವಳೇ. ನಮ್ಮ ಕಡೆ ಹೊಸ ಸೀರೆಯನ್ನು ಒಡತಿ ತಾನೇ ಮೊದಲು ಉಡುವುದಿಲ್ಲ. ಮನಸ್ಸಿಗೆ ಹತ್ತಿರದವಳೊಬ್ಬಳಿಗೆ ಕೊಡುತ್ತಾಳೆ. ಅವಳು ಅದರ ಮಡಿಕೆ ಬಿಚ್ಚಿ, ಒಂದು ದಿನ ಉಟ್ಟು, ನಾಲ್ಕು ಜನರ ಮುಂದೆ ಓಡಾಡಿ, ಒಗೆದು ತಿರುಗಿ ಕೊಡುತ್ತಾಳೆ. ಅದಕ್ಕೇ ಘಳಿಗೆ ಮುರಿಯುವುದು ಎನ್ನುತ್ತಾರೆ. ಇನ್ನೊಬ್ಬಳ ಮೈಯ ಬಿಸಿ ತಾಕಿದ ಮೇಲೆಯೇ ಸೀರೆ ನಿನ್ನದಾಗುತ್ತದೆ, ಕಪಾಟಿಗೆ ಮತ್ತೊಂದು ಸೀರೆಯನ್ನು ಕರೆದು ತರುತ್ತದೆ ಎಂದು ನಂಬಿಕೆ. ನನ್ನ ಸೀರೆಗಳ ಮೊದಲ ಕಲೆಯೆಲ್ಲ ಮಾಬೂಬಿಯದ್ದು. ಹೆಚ್ಚಾಗಿ ಚಹಾ.

ವಿದ್ಯಾ ನನ್ನ ಮಗಳ ಮಗಳು. ಅವಳಪ್ಪನ ಮನೆ ನರಗುಂದ. ಓದಲೆಂದು ಪ್ಯಾರಿಸಿಗೆ ಹೋಗಿದ್ದಾಳೆ. ಏನು ಓದುತ್ತಾಳೆ ಎಂದರೆ ಮಣ್ಣು. ನರಗುಂದದಲ್ಲಿ ಮಳೆಗಾಲದ ತುಂಬ ಕಾಲಿನಿಂದ ಕೆರೆದು ತೆಗೆಯುವುದನ್ನೇ ಅಲ್ಲಿ ಶೀಶೆಯಲ್ಲಿಟ್ಟು ಚೀಟಿ ಅಂಟಿಸುತ್ತಾರಂತೆ. "ಆಯಿ, ನೀ ಒಂದ್ಸಲ ಬಂದ ಹೋಗು" ಎಂದು ಫೋನಿನಲ್ಲಿ ಅಂದಳು. ಮೊಮ್ಮಗಳ ಮುಖ ನೋಡಬೇಕು ಎಂದು ಎಲ್ಲರಿಗೂ ಹೇಳಿ ಹೊರಟೆ. ಅದು ಸುಳ್ಳಲ್ಲ. ಆದರೆ ಪ್ಯಾರಿಸು ಅಂಥ ಗೌನುಗಳ ತವರುಮನೆ ಎಂಬುದೂ ನನಗೆ ಗೊತ್ತಿತ್ತು.

ಹೊರಡುವ ಮುಂಚೆ ಹೊಸ ಪಟ್ಟೇದಂಚಿನ ಸೀರೆಯನ್ನು ಘಳಿಗೆ ಮುರಿಯಲೆಂದು ಮಾಬೂಬಿಗೆ ಒಯ್ದು ಕೊಟ್ಟೆ. ನಾನು ಅಷ್ಟು ದೂರ ಹೋಗುತ್ತಿರುವುದು ಅವಳಿಗೆ ಸೇರಿರಲಿಲ್ಲ. ಸೀರೆಯನ್ನು ಮುಟ್ಟದೆ ನನ್ನ ಕಡೆಗೇ ತಳ್ಳಿದಳು.

"ಇದನ್ನ ನಾ ಮುರಿಯಂಗಿಲ್ಲ. ಹೊತಗೊಂಡ ಹೋಗು ಗೌರಾ. ಆ ಊರಾಗ ನಿನ್ನ ಸೀರಿ ಉಡಾಕಿ ಯಾವಾಕಿ ಸಿಗತಾಳ, ನಾನೂ ನೋಡತೀನಿ."

ಆಕಾಶದಲ್ಲಿ

ಸೀರೆ ಉಡುವ ಹೆಂಗಸಿಗೆ ವಿಮಾನ ಹತ್ತುವುದು ಸುಲಭವಲ್ಲ. ನಾನು ನಡೆದರೆ ಅವರ ತಪಾಸಣೆಯ ಬಾಗಿಲು ಕುಂಯ್ ಎಂದು ಕೂಗಿತು. ಬಳೆಯೇನೂ ಅಲ್ಲ, ಅವು ಮಾಬೂಬಿಯ ಗಾಜಿನ ಬಳೆ. ಆಮೇಲೆ ತಿಳಿಯಿತು, ಪಿನ್ನು. ಭುಜದ ಮೇಲೆ, ನಿರಿಗೆಯಲ್ಲಿ, ಸೊಂಟದಲ್ಲಿ, ಹಣದ ಚೀಲಕ್ಕೆ, ಇರಲಿ ಎಂದು ಕುಪ್ಪಸದ ಒಳಗೆ. ಒಂದೊಂದೇ ತೆಗೆದು ತಾಟಿನಲ್ಲಿ ಹಾಕುತ್ತಾ ಹೋದೆ. ಕೂಗುವುದು ನಿಲ್ಲುವ ಹೊತ್ತಿಗೆ ಸೀರೆ ನನ್ನ ಮೇಲೆ ಬರೀ ದೇವರ ದಯೆಯಿಂದ ನಿಂತಿತ್ತು. ಅಲ್ಲಿದ್ದ ಪೊಲೀಸ್ ಹುಡುಗಿ ತಾನೇ ಪರದೆ ಎಳೆದು, ಮೊಣಕಾಲೂರಿ ಕುಳಿತು, ನಿರಿಗೆ ಹಿಡಿದು ಮತ್ತೆ ಪಿನ್ನು ಚುಚ್ಚಿಕೊಟ್ಟಳು. ಅವಳ ಅವ್ವನೂ ಹೀಗೇ ಪಿನ್ನಿನ ಡಬ್ಬಿಯಂತೆ ಇದ್ದಾಳಂತೆ.

ವಿಮಾನದಲ್ಲಿ ಊಟ ತರುವ ಹುಡುಗಿ ಕೊರಳಿಗೆ ಒಂದು ರೇಷ್ಮೆ ಕರವಸ್ತ್ರ ಕಟ್ಟಿದ್ದಳು. ಆ ಗಂಟು ನೋಡಿದರೆ ಗುಲಾಬಿ ಹೂವು. ಅವಳು ಹೋಗುವಾಗ ಬರುವಾಗ ದಿಟ್ಟಿಸಿ ನೋಡಿದೆ. ಹೊಟ್ಟೆ ಕೆಟ್ಟಿದೆಯೇ ಎಂದು ಕೇಳಿದಳು. ಕೊರಳು ತೋರಿಸಿದೆ. ನಕ್ಕು, ನನ್ನ ಪಕ್ಕದಲ್ಲಿ ಬಗ್ಗಿ, ಬಿಚ್ಚಿ ಕಟ್ಟಿ ತೋರಿಸಿದಳು. ಕೆಳಗೆ ಸಮುದ್ರ ಬಂತೋ ಮರುಭೂಮಿ ಬಂತೋ ನಾನು ನೋಡಲಿಲ್ಲ. ಸೆರಗಿನ ತುದಿಗೆ ಅದೇ ಗಂಟು ಹಾಕಿ ಹಾಕಿ ಬಿಚ್ಚುತ್ತಿದ್ದೆ. ಇಳಿಯುವಾಗ ನನ್ನ ಸೆರಗಿನಲ್ಲೊಂದು ಗುಲಾಬಿ ಅರಳಿತ್ತು.

ಪ್ಯಾರಿಸು, ವಿದ್ಯಾಳ ಮನೆ

ವಿದ್ಯಾಳ ಮನೆ ತೀರ ಮೇಲಿನ ಅಂತಸ್ತಿನಲ್ಲಿ. ಮರದ ಮೆಟ್ಟಿಲು ಸುತ್ತಿ ಸುತ್ತಿ ಏರುತ್ತದೆ. ನಮ್ಮ ಗುಡ್ಡದ ಕೋಟೆ ಹತ್ತಿದರೆ ಮೇಲೆ ಗಾಳಿಯಾದರೂ ಸಿಗುತ್ತದೆ, ಇಲ್ಲಿ ಸಿಗುವುದು ಒಂದು ಖೋಲಿ, ಒಂದು ಒಲೆ. ತಂದಿದ್ದ ಕಟಿ ರೊಟ್ಟಿಯೆಲ್ಲ ಪೆಟ್ಟಿಗೆಯಲ್ಲಿ ಪುಡಿಯಾಗಿತ್ತು. ಶೇಂಗಾ ಚಟ್ನಿ ಮೊದಲೇ ಪುಡಿ, ಅದಕ್ಕೇನೂ ಆಗಿರಲಿಲ್ಲ.

ಮರುದಿನದಿಂದ ಊರು ನೋಡಲು ಹೊರಟೆವು. ನನಗೆ ಮೊದಲು ಆದದ್ದು ನಿರಾಸೆ. ಬಟ್ಟೆಯ ತವರೂರಿನಲ್ಲಿ ಎಲ್ಲರೂ ಕಪ್ಪು ಹಾಕಿಕೊಂಡು ತಿರುಗುತ್ತಿದ್ದರು. ಊರಿಗೆ ಊರೇ ಅಯ್ಯಪ್ಪನ ಮಾಲೆ ಹಾಕಿಕೊಂಡಂತೆ. ನಾಯಿಗಳಿಗೆ ಮಾತ್ರ ಬಣ್ಣಬಣ್ಣದ ಕೋಟು. ನೆಲದ ಒಳಗೆ ಓಡುವ ರೈಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನರಗುಂದದಿಂದ ರೋಣಕ್ಕೆ ಬಸ್ಸಿನಲ್ಲಿ ಹೊರಟರೆ ಊರು ದಾಟುವ ಮೊದಲೇ ನೀನು ಯಾರ ಪೈಕಿ, ಎಷ್ಟು ಮಕ್ಕಳು, ಸೀರೆ ಎಲ್ಲಿ ತಗೊಂಡೆ ಎಂಬುದೆಲ್ಲ ಮುಗಿದಿರುತ್ತದೆ. ಇಲ್ಲಿ ಒಬ್ಬಾಕೆ ನನ್ನ ಪಕ್ಕದಲ್ಲಿ ನಿಂತಿದ್ದಳು, ಅವಳ ಕೋಟಿನ ಉಣ್ಣೆ ಕರುವಿನ ಕಿವಿಯಂತೆ ಮೆತ್ತಗೆ ಕಾಣುತ್ತಿತ್ತು. ತೋಳು ಹಿಡಿದು ಸವರಿ ನೋಡಿದೆ. ಅವಳು ಬೆಚ್ಚಿಬಿದ್ದಳು. ವಿದ್ಯಾ ಅವಳ ಬಳಿ ಕ್ಷಮೆ ಕೇಳಿ, ಮುಂದಿನ ಸ್ಟೇಶನ್ನಿನಲ್ಲಿ ನನ್ನನ್ನು ಇಳಿಸಿಯೇಬಿಟ್ಟಳು.

"ಆಯಿ, ಕಣ್ಣಲೆ ನೋಡು. ಕೈಲೆ ನೋಡಬ್ಯಾಡ."

"ಕಣ್ಣಿಗೆ ಪೊರಿ ಬಂದೈತಿ. ಕೈಗೆ ಬಂದಿಲ್ಲ" ಎಂದೆ.

ಆ ಊರಿನಲ್ಲಿ ನನ್ನ ಮುಖ ನೋಡಿ ನಕ್ಕವಳೆಂದರೆ ಕೆಳಗಿನ ಅಂತಸ್ತಿನ ಮದಾಂ ಇವೆಟ್. ವಯಸ್ಸು ನನ್ನಷ್ಟೇ, ಮೈ ಬಿದಿರಿನಂತೆ. ದಿನವೂ ಅದೇ ಬೂದು ಕೋಟು, ಆದರೆ ಎದೆಯ ಮೇಲಿನ ಪದಕ ಮಾತ್ರ ದಿನಕ್ಕೊಂದು. ಒಂದು ದಿನ ಎಲೆ, ಒಂದು ದಿನ ಕೀಲುಕುದುರೆ ಹುಳ, ಅದರ ರೆಕ್ಕೆಯಲ್ಲಿ ಹಸಿರು ಹರಳು. ಅದನ್ನು ನೋಡಿದ ಕೂಡಲೇ ಇವಳು ನಮ್ಮ ಪೈಕಿ ಎಂದು ನನಗೆ ಗೊತ್ತಾಯಿತು. ಮೆಟ್ಟಿಲಿನ ಮೇಲೆ ನಿಂತು ಅವಳು ಅವಳ ಭಾಷೆಯಲ್ಲಿ, ನಾನು ನನ್ನ ಭಾಷೆಯಲ್ಲಿ ಮಾತಾಡುತ್ತಿದ್ದೆವು. ನಡುವೆ ಅವಳ ನಾಯಿ ಕುಳಿತು ಇಬ್ಬರ ಮುಖವನ್ನೂ ನೋಡುತ್ತಿತ್ತು. ಅದಕ್ಕೆ ಎರಡೂ ತಿಳಿಯುತ್ತಿತ್ತು ಎಂದು ಕಾಣುತ್ತದೆ.

ಬೆಳ್ಳನೆಯ ಅಂಗಡಿ

ವಿದ್ಯಾಳ ಬೆನ್ನು ಬಿದ್ದು, ಕೊನೆಗೆ ಆ ದೊಡ್ಡ ಅಂಗಡಿಗಳ ಬೀದಿಗೆ ಕರೆದೊಯ್ಯುವಂತೆ ಮಾಡಿದೆ. ಹೊರಗಿನಿಂದ ನೋಡಿ ಬರುವುದು ಎಂದು ಮೊದಲೇ ಮಾತಾಗಿತ್ತು. ಆದರೆ ಒಂದು ಅಂಗಡಿಯ ಗಾಜಿನ ಹಿಂದೆ ಅದು ನಿಂತಿತ್ತು. ನವಿಲಿನ ಕೊರಳಿನ ಬಣ್ಣ. ಭುಜದ ಮೇಲೆ ಸಣ್ಣ ಸಣ್ಣ ಗರಿ. ಬೆನ್ನ ಹಿಂದೆ ನೆಲದ ಮೇಲೆ ಹರಡಿಕೊಂಡ ಬಾಲ. ಗದಗಿನ ದವಾಖಾನೆಯ ಹೆಂಗಸು ಇಷ್ಟು ವರ್ಷ ನನಗಾಗಿ ಕಾದು ನಿಂತಂತೆ ಅನ್ನಿಸಿತು. ಅಷ್ಟರಲ್ಲಿ ಸೂಟು ಹಾಕಿದ್ದ ಎತ್ತರದ ಗಂಡಸೊಬ್ಬ ಬಾಗಿಲು ತೆರೆದ. ಯಜಮಾನರೇ ಬಾಗಿಲಿಗೆ ಬಂದು ಕರೆದ ಮೇಲೆ ಹೋಗದಿದ್ದರೆ ಹೇಗೆ? ನಮಸ್ಕಾರ ಮಾಡಿ ಒಳಗೆ ನಡೆದೆ.

ನಮ್ಮೂರಲ್ಲಿ ಸೀರೆ ಅಂಗಡಿಗೆ ಹೋಗುವ ರೀತಿ ನಿಮಗೆ ಗೊತ್ತು. ಚಪ್ಪಲಿ ಹೊರಗೆ ಬಿಡಬೇಕು. ಬಿಳಿ ಗಾದಿಯ ಮೇಲೆ ಕಾಲು ಮಡಚಿ ಕೂಡಬೇಕು. ಚಹಾ ಬರುತ್ತದೆ, ಸೀರೆ ಬರುತ್ತವೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಒಳಗೆ ನಡುವೆಯೇ ಬೆಳ್ಳನೆಯ ಗಾದಿ ಕಂಡಿತು. ಅದರ ಮೇಲೆ ಯಾರದ್ದೋ ಸಣ್ಣ ಕೈಚೀಲವಿತ್ತು, ಎಲೆ ಅಡಿಕೆಯೂ ಹಿಡಿಸದಷ್ಟು ಸಣ್ಣದು. ಅದನ್ನು ಅತ್ತ ಸರಿಸಿ ಕುಳಿತು, ಸೆರಗು ಸರಿ ಮಾಡಿಕೊಂಡೆ.

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅದು ಗಾದಿಯಲ್ಲವಂತೆ, ಆ ಚೀಲವನ್ನು ಮೆರೆಸಲು ಇಟ್ಟ ಕಟ್ಟೆಯಂತೆ. ವಿದ್ಯಾ ಒಂದು ಕೈಯಲ್ಲಿ ನನ್ನ ಚಪ್ಪಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಆದರೆ ಅಲ್ಲಿಯ ಹುಡುಗಿಯೊಬ್ಬಳು ಬಹಳ ಒಳ್ಳೆಯವಳು. ನನ್ನ ಸೆರಗಿನ ಗುಲಾಬಿ ನೋಡಿ ನಕ್ಕಳು, ಏಳಿ ಎನ್ನಲಿಲ್ಲ, ಚಿಟಿಕೆಯಷ್ಟು ಕಾಫಿ ತಂದುಕೊಟ್ಟಳು. ನಾನು ಗಾಜಿನ ಹಿಂದಿನ ಗೌನು ತೋರಿಸಿ ಬಿಚ್ಚಿ ಹಾಸಲು ಹೇಳಿದೆ. ವಿದ್ಯಾ ಅದನ್ನು ಹೇಗೆ ಹೇಳಿದಳೋ. ಹುಡುಗಿ ನನ್ನನ್ನು ಅದರ ಹತ್ತಿರ ಕರೆದೊಯ್ದು, ತಾನು ಬಿಳಿ ಕೈಗವಸು ಹಾಕಿಕೊಂಡು ಅದರ ಅಂಚನ್ನು ಎತ್ತಿ ತೋರಿಸಿದಳು. ಒಳಗೂ ಅಷ್ಟೇ ಚಂದ ಹೊಲಿದಿದ್ದರು. ಯಾರಿಗೂ ಕಾಣದ ಕಡೆಯೂ ಮಣಿ. ನನ್ನ ಕಣ್ಣಲ್ಲಿ ನೀರು ಬಂತು.

"ಒಂದ್ಸಲ ಮೈಮ್ಯಾಲೆ ಹಾಕ್ಕೊಂಡ ನೋಡಲೇನು, ಕೇಳಾಕಿಗೆ" ಎಂದೆ.

ವಿದ್ಯಾ ಕೇಳಲು ಹಿಂದೆಮುಂದೆ ನೋಡಿದಳು. ಕೇಳಿದಳು. ಆ ಹುಡುಗಿ ನನ್ನ ಕೈ ಹಿಡಿದುಕೊಂಡು ನಿಧಾನವಾಗಿ ಉತ್ತರ ಕೊಟ್ಟಳು. ಅದು ಯಾರೋ ಒಬ್ಬರ ಅಳತೆಗೆಂದೇ ಹೊಲಿದದ್ದಂತೆ. ಇನ್ನೊಬ್ಬರ ಮೈಗೆ ತಾಕಿದರೆ ಅದು ಹೊಸದಾಗಿ ಉಳಿಯುವುದಿಲ್ಲವಂತೆ.

ಅವಳ ತಪ್ಪೇನೂ ಇಲ್ಲ. ಅವರ ಮನೆಯ ಪದ್ಧತಿ ಅದು. ನಾನು ಕಾಫಿ ಮುಗಿಸಿ, ಚೀಲವನ್ನು ಅದರ ಜಾಗದಲ್ಲಿ ಇಟ್ಟು, ಚಪ್ಪಲಿ ಮೆಟ್ಟಿ ಹೊರಬಂದೆ. ದಾರಿಯಲ್ಲಿ ಮಾತಾಡಲಿಲ್ಲ. ನಾನು ಮಾತಾಡದಿದ್ದರೆ ನಮ್ಮ ಮನೆಯವರಿಗೆ ಹೆದರಿಕೆಯಾಗುತ್ತದೆ. ಸಂಜೆ ವಿದ್ಯಾ ನನಗಿಷ್ಟ ಎಂದು ಕಡಲೆಹಿಟ್ಟಿನ ಝುಣಕ ಮಾಡಿದಳು, ಅದನ್ನೂ ತಾಟಿನಲ್ಲೇ ಬಿಟ್ಟೆ. ಹಲ್ಲು ಹೋಗಿತ್ತು, ಕಣ್ಣು ಹೋಗುತ್ತಿತ್ತು, ಈ ಆಸೆಯೊಂದು ಏಕೆ ಗಟ್ಟಿಯಾಗಿ ಉಳಿದಿದೆಯೋ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮದಾಂ ಇವೆಟ್‌ಳ ಖೋಲಿ

ಮೆಟ್ಟಿಲಿನ ಮೇಲೆ ನನ್ನ ಮುಖ ನೋಡಿದ ಮದಾಂ, ವಿದ್ಯಾಳನ್ನು ನಿಲ್ಲಿಸಿ ಕೇಳಿ ತಿಳಿದುಕೊಂಡಳಂತೆ. ಮರುದಿನ ನಮ್ಮಿಬ್ಬರನ್ನೂ ಒಳಗೆ ಕರೆದಳು. ಕಪಾಟಿನ ಮೇಲಿನಿಂದ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ಇಳಿಸಿ ಮಂಚದ ಮೇಲಿಟ್ಟು ಬಿಚ್ಚಿದಳು. ತೆಳ್ಳನೆಯ ಕಾಗದದ ಪದರಗಳ ನಡುವೆ ಮಾಗಿದ ನೇರಳೆ ಹಣ್ಣಿನ ಬಣ್ಣದ ಗೌನು ಮಲಗಿತ್ತು. ಎದೆಯ ಮೇಲೆಲ್ಲ ಕರಿಮಣಿಯ ಕಸೂತಿ, ಹಿಂದೆ ಉದ್ದನೆಯ ಬಾಲ. ಪಕ್ಕದಲ್ಲಿ ಅದೇ ಬಣ್ಣದ ಉದ್ದನೆಯ ಕೈಗವಸು, ಮಣಿಕಟ್ಟಿನಲ್ಲಿ ಮುತ್ತಿನಂಥ ಗುಂಡಿ.

ಅವಳು ಪ್ರಾಯದಲ್ಲಿದ್ದಾಗ ಅವಳ ಚಿಕ್ಕಮ್ಮ ತೀರಿಕೊಂಡು ಅವಳಿಗೆಂದು ಒಂದಿಷ್ಟು ಬಿಟ್ಟುಹೋಗಿದ್ದಳಂತೆ. ಇವಳು ಅದನ್ನೆಲ್ಲ ಸುರಿದು, ಅಂಥ ದೊಡ್ಡ ಅಂಗಡಿಯೊಂದರಲ್ಲಿ ಈ ಒಂದು ಗೌನು ಹೊಲಿಸಿಕೊಂಡಳಂತೆ. ಮನೆಯವರೆಲ್ಲ ಹುಚ್ಚಿ ಎಂದು ಬೈದರಂತೆ. ಇಷ್ಟು ಜಾಣ ಹೆಂಗಸನ್ನು ನಾನು ಆ ಊರಿನಲ್ಲಿ ಬೇರೆ ಕಂಡಿರಲಿಲ್ಲ. ಎಷ್ಟು ಸಲ ಹಾಕಿಕೊಂಡೆ ಎಂದು ಕೇಳಿಸಿದೆ. ಅವಳು ಕಾಗದದ ಮಡಿಕೆಯನ್ನು ಬೆರಳಿನಿಂದ ತೀಡುತ್ತಾ ಕುಳಿತಳು. ಒಮ್ಮೆಯೂ ಇಲ್ಲವಂತೆ. ಇದಕ್ಕೆ ತಕ್ಕಂಥ ಸಂಜೆ ಬರಲಿ ಎಂದು ಕಾದಳಂತೆ. ಯಾವ ಸಂಜೆಯೂ ಅಷ್ಟು ಚಂದ ಬರಲಿಲ್ಲವಂತೆ. ಈಗ ಹಾಕಿಕೊಳ್ಳಲು ನಾಚಿಕೆಯಂತೆ.

"ಘಳಿಗಿ ಮುರದಿಲ್ಲಲ್ಲ, ಅದಕ್ಕ" ಎಂದೆ ನಾನು.

ವಿದ್ಯಾ ನನ್ನ ಕಡೆ ನೋಡಿದಳು. ಬಿಡಿಸಿ ಹೇಳು ಎಂದೆ. ಹೊಸ ಬಟ್ಟೆಯನ್ನು ಒಬ್ಬಳೇ ಮುರಿಯಲು ಹೋದರೆ ಕೈ ಬರುವುದಿಲ್ಲ, ಅದು ಗೆಳತಿಯ ಕೆಲಸ ಎಂದು. ಮದಾಂ ಕೇಳಿಸಿಕೊಂಡಳು, ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಆಮೇಲೆ ಗೌನನ್ನು ಎತ್ತಿ ಕೊಡವಿ, ನನ್ನ ಎರಡೂ ಕೈಯ ಮೇಲೆ ಹಾಕಿದಳು.

ನಾನು ಮೇಲೆ ಓಡಿ ಹೋಗಿ ನನ್ನ ಪಟ್ಟೇದಂಚಿನ ಸೀರೆ ತಂದೆ. ಘಳಿಗೆಗೆ ಘಳಿಗೆ.

ಗೌನು ಎಂಬುದು ಸೀರೆಯಂತಲ್ಲ, ಅದು ನಿಮ್ಮ ಮಾತು ಕೇಳುವುದಿಲ್ಲ. ಸೀರೆಯೊಳಗಿನ ಪರಕಾರ, ಕುಪ್ಪಸದ ಮೇಲೆಯೇ ಏರಿಸಿದೆವು. ಹಿಂದಿನ ಗುಂಡಿ ಒಂದಕ್ಕೊಂದು ಮುಖ ನೋಡಲಿಲ್ಲ. ಕೊನೆಗೆ ಊರಿನಿಂದ ಬಂದ ನನ್ನ ಪಿನ್ನುಗಳೇ ಮಾನ ಕಾದವು. ಕೊರಳ ಬಳಿ ಖಣದ ಕುಪ್ಪಸ ಇಣುಕುತ್ತಿತ್ತು. ಕೈಗವಸು ಮಾತ್ರ ನನ್ನ ದಪ್ಪ ಕೈಗೆ ಏರಲಿಲ್ಲ, ಪೆಟ್ಟಿಗೆಯಲ್ಲೇ ಬಿಟ್ಟೆ. ಮದಾಂಗೆ ನಾನೇ ಸೀರೆ ಉಡಿಸಿದೆ. ಎಷ್ಟು ಸುತ್ತಿದರೂ ಸೀರೆ ಉಳಿಯುತ್ತಿತ್ತು, ಮೈಯೇ ಸಾಲುತ್ತಿರಲಿಲ್ಲ. ತಲೆಯ ಮೇಲೆ ಸೆರಗು ಹೊದಿಸಿದರೆ ಥೇಟ್ ನರಗುಂದದ ಕಡೆಯ ಗೌಡ್ತಿ. ಕನ್ನಡಿಯ ಮುಂದೆ ಇಬ್ಬರೂ ನಿಂತೆವು. ಅವಳು ನನ್ನನ್ನು ನೋಡಿದಳು, ನಾನು ನನ್ನನ್ನೇ ನೋಡಿಕೊಂಡೆ.

ರೊಟ್ಟಿಯಂಗಡಿಯ ತನಕ

ಘಳಿಗೆ ಮುರಿದವಳು ಮನೆಯೊಳಗೇ ಕುಳಿತರೆ ಲೆಕ್ಕಕ್ಕಿಲ್ಲ. ಊರಲ್ಲಾದರೆ ಗುಡಿಗೆ ಹೋಗುತ್ತೇವೆ. ಇಲ್ಲಿ ತಿರುವಿನಲ್ಲಿ ಅವರ ರೊಟ್ಟಿಯಂಗಡಿ ಇತ್ತು. ದೊಣ್ಣೆಯಂಥ ಬ್ರೆಡ್ಡು ಮಾರುತ್ತಾರೆ. ಅಲ್ಲಿಗೆ ಹೊರಟೆವು. ಮುಂದೆ ನಾಯಿ, ಹಿಂದೆ ನಾನು, ನನ್ನ ಹಿಂದೆ ನನ್ನ ಬಾಲ, ಪಕ್ಕದಲ್ಲಿ ಸೀರೆ ಜಾರೀತೆಂದು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡ ಮದಾಂ. ವಿದ್ಯಾ ಸ್ವಲ್ಪ ದೂರದಲ್ಲಿ, ನಮ್ಮ ಪರಿಚಯ ಇಲ್ಲದವಳಂತೆ.

ಯಾರ ಮುಖವನ್ನೂ ನೋಡದ ಆ ಊರು ಅಂದು ನಿಂತು ನೋಡಿತು. ಮುದುಕರೊಬ್ಬರು ಟೊಪ್ಪಿಗೆ ತೆಗೆದು ಬಗ್ಗಿದರು. ಗೌನಿನ ಬಾಲ ಒಣಗಿದ ಎಲೆ, ಬಸ್ಸಿನ ಚೀಟಿ ಎಲ್ಲವನ್ನೂ ಗುಡಿಸಿಕೊಂಡು ಬರುತ್ತಿತ್ತು. ನನಗೆ ನಾಚಿಕೆ ಆಗಲಿಲ್ಲ. ಒಂದೇ ತೊಂದರೆ, ಸೆರಗು. ಕೈ ಮತ್ತೆ ಮತ್ತೆ ಭುಜಕ್ಕೆ ಹೋಗಿ ಬರಿಗೈಯಲ್ಲಿ ತಿರುಗುತ್ತಿತ್ತು. ಬೆವರು ಒರೆಸಲು, ಕೀಲಿಕೈ ಕಟ್ಟಲು, ಬಾಯಿಗೆ ಅಡ್ಡ ಹಿಡಿದು ನಗಲು, ಆ ಗೌನಿನಲ್ಲಿ ಯಾವುದಕ್ಕೂ ದಾರಿ ಇಲ್ಲ. ಅಷ್ಟೊಂದು ದೊಡ್ಡ ಹೊಲಿಗೆಯವರಿಗೆ ಇದೊಂದು ಏಕೆ ಹೊಳೆಯಲಿಲ್ಲವೋ.

ಅಂಗಡಿಯ ಹೊರಗಿನ ಕುರ್ಚಿಯ ಮೇಲೆ ಕುಳಿತೆವು. ಬ್ರೆಡ್ಡು ಬಂತು. ಸಪ್ಪೆ. ನಾನು ಎಲ್ಲಿ ಹೋದರೂ ಶೇಂಗಾ ಚಟ್ನಿಯ ಡಬ್ಬಿ ಜೊತೆಗಿರುತ್ತದೆ. ಎಣ್ಣೆ ಹಾಕಿ ಕಲಸಿದ್ದೆ. ಬ್ರೆಡ್ಡಿನ ಮೇಲೆ ಹಚ್ಚಿ ಬಾಯಿಗೆ ಒಯ್ಯುವಾಗ ಒಂದು ಮುದ್ದೆ ಜಾರಿ ತೊಡೆಯ ಮೇಲೆ ಬಿತ್ತು. ನೇರಳೆ ರೇಷ್ಮೆಯ ಮೇಲೆ ಕೆಂಪು ಎಣ್ಣೆ ಹರಡುವುದು ನನ್ನ ಪೊರೆ ಬಂದ ಕಣ್ಣಿಗೂ ಕಂಡಿತು.

ಒರೆಸಲು ಸೆರಗಿಗೆ ಕೈ ಹಾಕಿದೆ, ಸೆರಗೇ ಇರಲಿಲ್ಲ. ವಿದ್ಯಾ ಓಡಿ ಬಂದಳು. ಮದಾಂ ಆ ಕಲೆಯನ್ನೇ ನೋಡುತ್ತಾ ಕುಳಿತಿದ್ದಳು. ಅವಳ ಜೀವಮಾನದ ಒಂದು ಬಟ್ಟೆ ಅದು. ಅವಳು ಅತ್ತಿದ್ದರೆ ನಾನು ಅಲ್ಲೇ ಸತ್ತುಹೋಗುತ್ತಿದ್ದೆ. ಅವಳು ಬಗ್ಗಿದಳು. ತೋರುಬೆರಳಿನಿಂದ ನನ್ನ ತೊಡೆಯ ಮೇಲಿನ ಚಟ್ನಿಯನ್ನು ಬಳಿದು ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ. ಆಮೇಲೆ ತನ್ನ ಬ್ರೆಡ್ಡನ್ನು ನನ್ನ ಡಬ್ಬಿಯ ಕಡೆಗೆ ಚಾಚಿದಳು.

ಮನೆಗೆ ಬಂದು ಗೌನು ಬಿಚ್ಚಿದೆ. ಬಿಚ್ಚಿದೆ ಎಂದು ಬರೆಯುವುದು ಸುಲಭ. ಒಂದೊಂದು ಪಿನ್ನು ತೆಗೆಯುವಾಗಲೂ ಇನ್ನೊಂದು ಇರಲಿ, ಇನ್ನೊಂದು ಇರಲಿ ಎನ್ನಿಸುತ್ತಿತ್ತು. ಅದೇ ಹೊತ್ತಿಗೆ ಮದಾಂ, ಇದು ನಿನಗೇ ಒಪ್ಪುತ್ತದೆ, ನೀನೇ ಇಟ್ಟುಕೋ ಎಂದು ಹೇಳಿಸಿದಳು. ನನ್ನ ಕಪಾಟಿನ ನಡುವಿನ ಖಾನೆ ಕಣ್ಣ ಮುಂದೆ ಬಂತು. ಎಡಕ್ಕೆ ಧಾರೆಸೀರೆ, ಬಲಕ್ಕೆ ಪಟ್ಟೇದಂಚು, ನಡುವೆ ಇದು. ಬಾಯಿಯ ತನಕ ಬಂತು, ಹೂಂ ಎನ್ನುವುದು. ಆದರೆ ಘಳಿಗೆ ಮುರಿದವಳು ಬಟ್ಟೆಯನ್ನು ತಾನೇ ಇಟ್ಟುಕೊಂಡರೆ ಒಡತಿಯ ಪಾಲಿಗೆ ಅದು ಮುರಿದಂತೆಯೇ ಅಲ್ಲ. ಯಾರು ಮಾಡಿದರೋ ಈ ಪದ್ಧತಿಯನ್ನು, ಅವರಿಗೆ ಗೌನಿನ ಆಸೆ ಇದ್ದಿರಲಾರದು.

"ಈಗ ಕಲಿ ಬಿದ್ದೈತಿ, ಇನ್ನ ಹೆದರಿಕಿ ಇಲ್ಲ, ನೀವ ಉಡ್ರಿ ಅಂತ ಹೇಳು" ಎಂದು ವಿದ್ಯಾಳಿಗೆ ಹೇಳಿ, ಗೌನನ್ನು ಮದಾಂ ಕೈಗೆ ಕೊಟ್ಟು, ತಿರುಗಿ ನೋಡದೆ ಮೆಟ್ಟಿಲು ಹತ್ತಿದೆ. ನೋಡಿದ್ದರೆ ಇಳಿದುಬಿಡುತ್ತಿದ್ದೆ.

ಇಷ್ಟೆಲ್ಲ ಆಯಿತು, ನನ್ನ ಸೀರೆ ತಿರುಗಿ ಬರಲಿಲ್ಲ. ಒಗೆಯಲು ಹಾಕಿರಬಹುದು ಎಂದು ಮೊದಲು ಅಂದುಕೊಂಡೆ. ಒಣಗಿಲ್ಲವೇನೋ ಎಂದು ಆಮೇಲೆ ಅಂದುಕೊಂಡೆ. ಮದಾಂ ಮೆಟ್ಟಿಲಿನ ಮೇಲೆ ಸಿಕ್ಕರೆ ಎಂದಿನಂತೆ ನಗುತ್ತಿದ್ದಳು, ನಾಯಿಯೂ ಏನೂ ಹೇಳಲಿಲ್ಲ. ಕೊನೆಗೆ ವಿದ್ಯಾ ಅಂದಳು, ಆಯಿ, ಅವರು ನೀನು ಅದನ್ನು ಕೊಟ್ಟೇಬಿಟ್ಟೆ ಎಂದು ತಿಳಿದಿದ್ದಾರೆ, ನಾನು ಕೇಳಲೇ ಎಂದು. ಕೊಟ್ಟ ಸೀರೆಯನ್ನು ಬಾಯಿ ಬಿಟ್ಟು ಕೇಳುವುದು ಹೇಗೆ? ಬೇಡ ಎಂದೆ. ಪದ್ಧತಿಯನ್ನು ಪೂರ್ತಿ ಹೇಳದೆ ಅರ್ಧ ಹೇಳಿದವಳು ನಾನೇ.

ಹೊರಡುವ ದಿನ ಪೆಟ್ಟಿಗೆ ಇಳಿಸುತ್ತಿದ್ದಾಗ ಕೆಳಗಿನ ಬಾಗಿಲು ತೆರೆಯಿತು. ಮದಾಂ ಗೌನು ತೊಟ್ಟು ನಿಂತಿದ್ದಳು. ಚಟ್ನಿಯ ಕಲೆ ಮಸುಕಾಗಿ ತೊಡೆಯ ಮೇಲೆ ಹಾಗೇ ಇತ್ತು. ಭುಜದಿಂದ ಇಳಿಬಿಟ್ಟಿದ್ದಳು ನನ್ನ ಪಟ್ಟೇದಂಚಿನ ಸೀರೆಯನ್ನು, ಕೀಲುಕುದುರೆಯ ಪದಕದಿಂದ ಚುಚ್ಚಿ. ಗೌನಿಗೆ ಸೆರಗು ಬಂದಿತ್ತು. ಅವಳು ಅದರ ತುದಿಯಿಂದ ಕಣ್ಣು ಒರೆಸಿಕೊಂಡಳು, ನಾನು ಕೇಳಬೇಕೆಂದಿದ್ದ ಮಾತು ಅಲ್ಲಿಗೆ ಮುಗಿಯಿತು. ನನ್ನ ಕೈಯಲ್ಲಿ ಕಾಗದದ ಪೊಟ್ಟಣ ಇಟ್ಟಳು. ಒಳಗೆ ಆ ಕೈಗವಸು.

ಇಬ್ಬರೂ ಬಗ್ಗಿ ನಾಯಿಯ ಕೋಟಿನ ಪಟ್ಟಿ ಸರಿ ಮಾಡಿದೆವು.

ತಿರುಗಿ ಬಸ್‌ಸ್ಟ್ಯಾಂಡು

ಗಜೇಂದ್ರಗಡದಲ್ಲಿ ಬಸ್ಸಿನಿಂದ ಇಳಿದಾಗ ಮೊದಲು ಕೇಳಿದವಳು ಲಕ್ಕಲಕಟ್ಟಿಯ ಕಡೆಗೆ ಹೊರಟಿದ್ದ ಒಬ್ಬ ಅಪರಿಚಿತ ಹೆಂಗಸು. ಎಲ್ಲಿಂದ ಬಂದೆ, ಯಾರ ಮನೆಯವಳು, ಕೊರಳ ಹತ್ತಿರ ಸೆರಗಿಗೆ ಅದೇನು ಗಂಟು. ನನ್ನ ಜೀವ ತಂಪಾಯಿತು.

ಮನೆಗೆ ಹೋಗುವ ಮೊದಲೇ ಮಾಬೂಬಿಯ ಅಂಗಡಿಗೆ ಹೋದೆ. ಗಿರಾಕಿಗೆ ಬಳೆ ಏರಿಸುತ್ತಿದ್ದಳು. ನನ್ನನ್ನು ನೋಡಿಯೂ ನೋಡದವಳಂತೆ ಬಳೆ ಏರಿಸಿ ಮುಗಿಸಿದಳು, ಆಮೇಲೆ ಚಹಾ ಹೇಳಿದಳು. ನಾನು ಎಲ್ಲವನ್ನೂ ಹೇಳಿದೆ. ಗಾದಿಯಲ್ಲದ ಗಾದಿ, ಗೌನು, ಪಿನ್ನು, ಚಟ್ನಿ. ಚಟ್ನಿ ಬಿದ್ದದ್ದಕ್ಕೆ ಅವಳು ಹೊಟ್ಟೆ ಹಿಡಿದು ನಕ್ಕಳು. ಬೇರೆಯವಳು ನನ್ನ ಸೀರೆಯ ಘಳಿಗೆ ಮುರಿದದ್ದಕ್ಕೆ ನಗಲಿಲ್ಲ. ಅದಕ್ಕಾಗಿಯೇ ನಾನು ಪೊಟ್ಟಣ ತೆಗೆದು ಅವಳ ಮುಂದಿಟ್ಟೆ. ನಾನಿನ್ನೂ ಹಾಕಿಕೊಂಡಿಲ್ಲ, ಇದರ ಘಳಿಗೆ ನೀನೇ ಮುರಿ ಎಂದೆ.

ಜೀವನವೆಲ್ಲ ಬೇರೆಯವರ ಕೈಗೆ ಬಳೆ ಏರಿಸಿದವಳಿಗೆ ಕೈಗವಸು ಏರಿಸುವುದು ಹೇಳಿಕೊಡಬೇಕೇ? ಬೆರಳು ಮಡಚಿ, ಅಂಗೈ ಸಣ್ಣದು ಮಾಡಿ ಒಂದೇ ಎಳೆತಕ್ಕೆ ಮೊಳಕೈಗೆ ಮುಟ್ಟಿಸಿದಳು. ಮುತ್ತಿನ ಗುಂಡಿ ಹಾಕಿದಳು. ಅದರ ಮೇಲೆ ಹಸಿರು ಚಿಕ್ಕಿ ಬಳೆ ಏರಿಸಿಕೊಂಡು, ಕೈಯನ್ನು ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಗದಗಿನ ಪುಸ್ತಕದ ಗೌನಿನ ಹೆಂಗಸಿಗಿಂತ ಚಂದ ಕಂಡಳು. ಆಮೇಲೆ ನೆನಪಾದಂತೆ, ಸೀರೆ ಎಲ್ಲಿ, ಆಕೆ ಘಳಿಗೆ ಹೇಗೆ ಮುರಿದಿದ್ದಾಳೆ ತೋರಿಸು ಎಂದಳು.

ಆಕೆ ತಿರುಗಿ ಕೊಡಲಿಲ್ಲ, ನನಗೆ ಕೇಳಲು ಬಾಯಿ ಬರಲಿಲ್ಲ ಎಂದೆ.

ಮಾಬೂಬಿ ನನ್ನನ್ನೇ ನೋಡಿದಳು. ಚಹಾದ ಲೋಟವನ್ನು ಆ ಕೈಗವಸಿನ ಕೈಯಿಂದಲೇ ಎತ್ತಿಕೊಂಡಳು.

"ಅಂದ್ರ ಇಟಗೊಂಡ್ರ ನೀ ಕೇಳಾಕಿನ ಅಲ್ಲ. ಇಷ್ಟ ವರ್ಷ ನಿನ್ನ ಸೀರಿ ಉಟ್ಟು, ಒಗದು, ಮಡಚಿ ತಿರುಗಿ ತಂದ ಕೊಟ್ನೆಲ್ಲ, ನನ್ನಂಥಾ ಹುಚ್ಚಿ ಈ ಊರಾಗ ಇನ್ನೊಬ್ಬಾಕಿ ಅದಾಳೇನ? ನಡಿ ಮನಿಗೆ, ಈ ಕೈಗವಸ ಕೇಳಾಕ ಮಾತ್ರ ಬರಬ್ಯಾಡ."